ಇಬ್ಬರ ಕೈ, ಒಬ್ಬನ ಹೆಸರು

1931ರಲ್ಲಿ ಜರ್ಮನಿಯ ಲೈಪ್‌ತ್ಸಿಗ್‌ನಲ್ಲಿ ಹೈನ್ರಿಖ್ ಶ್ವಾರ್ಟ್ಸ್ ಎಂಬ ಕಲಾಚರಿತ್ರಕಾರನ ಪುಸ್ತಕವೊಂದು ಅಚ್ಚಾಯಿತು. ಸುಮಾರು ತೊಂಬತ್ತು ವರ್ಷ ಹಿಂದೆ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಕಾಗದದ ಮೇಲೆ ತೆಗೆದ ಛಾಯಾಚಿತ್ರಗಳ ಕುರಿತ ಪುಸ್ತಕ ಅದು. ಮುಖಪುಟದಲ್ಲಿದ್ದದ್ದು ಡೇವಿಡ್ ಆಕ್ಟೇವಿಯಸ್ ಹಿಲ್ ಎಂಬ ಒಂದೇ ಹೆಸರು. ಅವನನ್ನು ಛಾಯಾಗ್ರಹಣದ ಗುರು ಎಂದು ಅಲ್ಲಿ ಕರೆಯಲಾಗಿತ್ತು. ಅದೇ ವರ್ಷ ಜರ್ಮನ್ ಚಿಂತಕ ವಾಲ್ಟರ್ ಬೆಂಜಮಿನ್ ಛಾಯಾಗ್ರಹಣದ ಕಿರುಚರಿತ್ರೆಯೊಂದನ್ನು ಬರೆದ. ನ್ಯೂಹೇವನ್‌ನ ಮೀನುಗಾರ ಹೆಂಗಸಿನ ಚಿತ್ರವನ್ನು ಅವನು ಅಲ್ಲಿ ಬಹಳ ಸೂಕ್ಷ್ಮವಾಗಿ ಓದುತ್ತಾನೆ, ಆದರೆ ಅಲ್ಲೂ ಕೇಳಿಸುವುದು ಹಿಲ್‌ನ ಹೆಸರೇ. ಆ ಚಿತ್ರಗಳನ್ನು ರಾಬರ್ಟ್ ಆ್ಯಡಮ್‌ಸನ್ ಎಂಬ ತರುಣನಿಲ್ಲದೆ ತೆಗೆಯುವುದು ಸಾಧ್ಯವೇ ಇರಲಿಲ್ಲ. ಅವನ ಹೆಸರು ಬಿಟ್ಟುಹೋದದ್ದು ಯಾರೋ ಒಬ್ಬರ ಮರೆವಿನಿಂದ ಅಲ್ಲ. ಹಳೆಯ ಛಾಯಾಗ್ರಹಣ ವಿಧಾನಗಳು ಸ್ವಭಾವತಃ ಜೊತೆಗಾರಿಕೆಯ ಕಲೆಗಳಾಗಿದ್ದವು. ಅವುಗಳ ಚರಿತ್ರೆ ಬರೆದವರಿಗೆ ಮಾತ್ರ ಒಬ್ಬ ಕರ್ತೃ ಬೇಕಾಗಿದ್ದ. ಎಡಿನ್‌ಬರೋದ ನಾಲ್ಕೂವರೆ ವರ್ಷಗಳ ಕೆಲಸ ಇದಕ್ಕೆ ಎಲ್ಲಕ್ಕಿಂತ ಒಳ್ಳೆಯ ಸಾಕ್ಷಿ.

ಆ ಜೊತೆಗಾರಿಕೆ ಹುಟ್ಟಿದ್ದು ಧರ್ಮದ ಜಗಳದಿಂದ. ಸ್ಕಾಟ್ಲೆಂಡಿನ ಇಗರ್ಜಿಗಳಿಗೆ ಪಾದ್ರಿಗಳನ್ನು ನೇಮಿಸುವ ಹಕ್ಕು ಊರ ಜಮೀನ್ದಾರರಿಗಿರಬೇಕೋ ಸಭಿಕರಿಗಿರಬೇಕೋ ಎಂಬ ವ್ಯಾಜ್ಯ ವರ್ಷಗಟ್ಟಲೆ ನಡೆದು, 1843ರ ಮೇ ತಿಂಗಳಲ್ಲಿ ನಾನೂರಕ್ಕೂ ಹೆಚ್ಚು ಪಾದ್ರಿಗಳು ಸಂಬಳ, ಮನೆ, ಸ್ಥಾನ ಎಲ್ಲವನ್ನೂ ಬಿಟ್ಟು ಹೊರನಡೆದರು. ಸ್ವತಂತ್ರ ಚರ್ಚ್ ಹುಟ್ಟಿದ್ದು ಹೀಗೆ. ಅದನ್ನು ಕಣ್ಣಾರೆ ಕಂಡ ಹಿಲ್‌ಗೆ ಆಗ ನಲವತ್ತೊಂದು ವರ್ಷ. ನಿಸರ್ಗದೃಶ್ಯಗಳ ಚಿತ್ರಕಾರ, ರಾಯಲ್ ಸ್ಕಾಟಿಷ್ ಅಕಾಡೆಮಿಯ ಕಾರ್ಯದರ್ಶಿ, ಎಲ್ಲರಿಗೂ ಬೇಕಾದ ಮನುಷ್ಯ. ಆ ಪಾದ್ರಿಗಳೆಲ್ಲ ಒಟ್ಟಿಗೆ ರಾಜೀನಾಮೆಗೆ ಸಹಿ ಹಾಕುವ ದೃಶ್ಯವನ್ನು ಒಂದೇ ದೊಡ್ಡ ವರ್ಣಚಿತ್ರದಲ್ಲಿ ಹಿಡಿಯುತ್ತೇನೆಂದು ಸಂಕಲ್ಪ ಮಾಡಿಬಿಟ್ಟ. ಬೆಟ್ಟಗುಡ್ಡ ಬರೆಯುತ್ತಿದ್ದವನು ನಾನೂರು ಮುಖಗಳನ್ನು ಬರೆಯುವುದು ಹೇಗೆ, ಅದೂ ಅವರೆಲ್ಲ ತಂತಮ್ಮ ಊರಿಗೆ ಚದುರಿಹೋಗುವ ಮೊದಲು? ಸೇಂಟ್ ಆಂಡ್ರ್ಯೂಸ್‌ನ ವಿಜ್ಞಾನಿ ಸರ್ ಡೇವಿಡ್ ಬ್ರೂಸ್ಟರ್ ಒಂದು ದಾರಿ ತೋರಿಸಿದ. ಅವನ ಗೆಳೆಯ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಾಟ್ 1841ರಲ್ಲಿ ಕ್ಯಾಲೊಟೈಪ್ ಎಂಬ ಕಾಗದದ ಛಾಯಾಚಿತ್ರ ವಿಧಾನಕ್ಕೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದಿದ್ದ. ಸ್ಕಾಟ್ಲೆಂಡಿಗೆ ಆ ಪೇಟೆಂಟ್ ಅನ್ವಯಿಸುತ್ತಿರಲಿಲ್ಲ. ಹೀಗಾಗಿ ಸೇಂಟ್ ಆಂಡ್ರ್ಯೂಸ್‌ನ ವೈದ್ಯ ಜಾನ್ ಆ್ಯಡಮ್‌ಸನ್ ಅದನ್ನು ಕಲಿತು, ಎಂಜಿನಿಯರ್ ಆಗಬೇಕೆಂದುಕೊಂಡು ಅನಾರೋಗ್ಯದಿಂದ ಆಗಲಾರದೆ ಹೋಗಿದ್ದ ತಮ್ಮ ರಾಬರ್ಟನಿಗೂ ಕಲಿಸಿದ್ದ. ಇಪ್ಪತ್ತೆರಡರ ರಾಬರ್ಟ್ ಅದೇ ಮೇ ತಿಂಗಳಲ್ಲಿ ಎಡಿನ್‌ಬರೋದ ಕಾಲ್ಟನ್ ಗುಡ್ಡದ ರಾಕ್ ಹೌಸ್‌ನಲ್ಲಿ ಸ್ಟುಡಿಯೊ ತೆರೆದಿದ್ದ. ಹಿಲ್ ಮೊದಮೊದಲು ಈ ಉಪಾಯವನ್ನು ನಂಬಲಿಲ್ಲ ಎಂದು ಬ್ರೂಸ್ಟರ್ ಟಾಲ್ಬಾಟ್‌ಗೆ ಬರೆದಿದ್ದಾನೆ. ಜುಲೈ ಹೊತ್ತಿಗೆ ಇಬ್ಬರೂ ಪಾಲುದಾರರಾಗಿದ್ದರು.

ಕ್ಯಾಲೊಟೈಪ್ ಎಂದರೆ ಏನು ಮಾಡುವುದು ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ನನ್ನ ವಾದದ ಬುಡ ಇರುವುದು ಅಲ್ಲಿ. ಒಳ್ಳೆಯ ಬರವಣಿಗೆ ಕಾಗದಕ್ಕೆ ಬೆಳ್ಳಿಯ ನೈಟ್ರೇಟ್ ಬಳಿದು ಒಣಗಿಸಿ, ಪೊಟ್ಯಾಸಿಯಂ ಅಯೊಡೈಡ್ ದ್ರಾವಣದಲ್ಲಿ ಅದ್ದಿದರೆ ಕಾಗದದ ನಾರಿನೊಳಗೆ ಬೆಳ್ಳಿಯ ಅಯೊಡೈಡ್ ಕೂರುತ್ತದೆ. ಚಿತ್ರ ತೆಗೆಯುವ ಮುನ್ನ ಮಂದ ಬೆಳಕಿನಲ್ಲಿ ಬೆಳ್ಳಿಯ ನೈಟ್ರೇಟ್ ಮತ್ತು ಗ್ಯಾಲಿಕ್ ಆಮ್ಲದ ಮಿಶ್ರಣವನ್ನು ಮತ್ತೆ ಸವರಬೇಕು. ಹಾಗೆ ಸವರಿದ ಕಾಗದ ಹೆಚ್ಚು ಹೊತ್ತು ತಡೆಯುವುದಿಲ್ಲ. ಕ್ಯಾಮೆರಾದೊಳಗೆ ಅದಕ್ಕೆ ಒಂದು ನಿಮಿಷವೋ ಇನ್ನೂ ಹೆಚ್ಚೋ ನೇರ ಬಿಸಿಲು ಬೇಕು. ಹೊರತೆಗೆದಾಗ ಅದರ ಮೇಲೆ ಏನೂ ಕಾಣುವುದಿಲ್ಲ. ಮತ್ತೆ ಅದೇ ಮಿಶ್ರಣ ಬಳಿದು ಬೆಚ್ಚಗೆ ಹಿಡಿದರೆ ಅಡಗಿದ್ದ ಚಿತ್ರ ಮೆಲ್ಲಗೆ ಏಳುತ್ತದೆ, ಬೆಳಕಿದ್ದಲ್ಲಿ ಕಪ್ಪಾಗಿ, ನೆರಳಿದ್ದಲ್ಲಿ ಬಿಳಿಯಾಗಿ. ಅದನ್ನು ಹೈಪೋ ಎಂಬ ದ್ರಾವಣದಲ್ಲಿ ಅಳಿಯದಂತೆ ನಿಲ್ಲಿಸಿ, ತೊಳೆದು, ಮೇಣ ಹಚ್ಚಿ ಪಾರದರ್ಶಕವಾಗಿಸಿ, ಉಪ್ಪು ಮತ್ತು ಬೆಳ್ಳಿ ಸವರಿದ ಇನ್ನೊಂದು ಕಾಗದದ ಮೇಲಿಟ್ಟು ಬಿಸಿಲಿಗೆ ಒಡ್ಡಿದರೆ ಕೊನೆಗೆ ನಮಗೆ ಬೇಕಾದ ಕಂದುಬಣ್ಣದ ಚಿತ್ರ. ಪ್ರತಿ ಹಂತದಲ್ಲೂ ನೀರಿನ ಗುಣ, ಕಾಗದದ ಅಂಟು, ಮೋಡದ ದಪ್ಪ, ಕೈಯ ಬಿರುಸು ಇವೆಲ್ಲ ಚಿತ್ರವನ್ನು ಕೆಡಿಸಬಲ್ಲವು. ಇಷ್ಟನ್ನು ಒಬ್ಬ ನಿಭಾಯಿಸುತ್ತಿರುವಾಗ ಹೊರಗೆ ಅಂಗಳದಲ್ಲಿ ಕುರ್ಚಿ, ಪುಸ್ತಕ, ಪರದೆ ಜೋಡಿಸಿ, ಮನೆಯೊಳಗಿನ ಕೋಣೆಯಂತೆ ಕಾಣುವ ಹಾಗೆ ಮಾಡಿ, ಪಾದ್ರಿಯೊಬ್ಬನನ್ನು ಮಾತಿನಲ್ಲಿ ಹಗುರಗೊಳಿಸಿ, ಅವನ ತಲೆ ತಿರುಗುವ ಕೋನ, ಕೈ ಬೀಳುವ ಜಾಗ, ಮುಖದ ಒಂದು ಬದಿಗೆ ಬರುವ ಬಿಸಿಲನ್ನು ನಿರ್ಧರಿಸಿ, ಒಂದು ನಿಮಿಷ ಅಲುಗದಂತೆ ನಿಲ್ಲಿಸುವವನು ಇನ್ನೊಬ್ಬನೇ ಆಗಿರಬೇಕಿತ್ತು.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ಹಾಗಿದ್ದರೆ ಲೆಕ್ಕ ಸರಳವಲ್ಲವೇ, ಹಿಲ್ ಕಲಾವಿದ, ಆ್ಯಡಮ್‌ಸನ್ ತಂತ್ರಜ್ಞ. ಕಲಾಚರಿತ್ರೆ ಕಲಾವಿದನ ಹೆಸರು ಹೇಳಿದರೆ ತಪ್ಪೇನು? ಆ ಕಾಲದಲ್ಲೇ ಚಿತ್ರಗಳನ್ನು ಪ್ರದರ್ಶನಕ್ಕಿಟ್ಟಾಗ ಹಿಲ್‌ನ ಕಲಾನಿರ್ದೇಶನದಲ್ಲಿ ಆ್ಯಡಮ್‌ಸನ್ ತಯಾರಿಸಿದ್ದು ಎಂಬ ಅರ್ಥದ ಒಕ್ಕಣೆ ಇರುತ್ತಿತ್ತು. ಆ ಒಕ್ಕಣೆಯನ್ನು ತಳ್ಳಿಹಾಕಲಾಗದು. ಆದರೆ ಅದು ಅಂದಿನ ಅಂತಸ್ತಿನ ಭಾಷೆ. ಅಕಾಡೆಮಿಯ ಕಾರ್ಯದರ್ಶಿ ಒಂದು ಕಡೆ, ರೈತ ಕುಟುಂಬದ ಹುಡುಗ ಇನ್ನೊಂದು ಕಡೆ ಇರುವಾಗ ಬೇರೆ ಬಗೆಯ ಒಕ್ಕಣೆ ಬರುವುದಾದರೂ ಹೇಗೆ? ತೂಕಕ್ಕೆ ಹಾಕಬೇಕಾದದ್ದು ಚಿತ್ರಗಳನ್ನೇ. ಅದೇ ಊರಿನಲ್ಲಿ, ಅದೇ ವರ್ಷಗಳಲ್ಲಿ ಎಡಿನ್‌ಬರೋ ಕ್ಯಾಲೊಟೈಪ್ ಕ್ಲಬ್ ಎಂಬ ಹವ್ಯಾಸಿಗಳ ಕೂಟವಿತ್ತು, ಜಗತ್ತಿನ ಅತಿ ಹಳೆಯ ಛಾಯಾಗ್ರಹಣ ಕೂಟಗಳಲ್ಲಿ ಒಂದು. ಅವರಿಗೂ ಅದೇ ಬಿಸಿಲು, ಅದೇ ರಾಸಾಯನಿಕ, ಸುಸಂಸ್ಕೃತ ಗೆಳೆಯರ ಬಳಗ, ಸಾಕಷ್ಟು ಬಿಡುವು. ಅವರ ಚಿತ್ರಗಳು ಚರಿತ್ರೆಗೆ ಬೆಲೆಯುಳ್ಳವು. ರಾಕ್ ಹೌಸ್‌ನ ಚಿತ್ರಗಳ ಪಕ್ಕದಲ್ಲಿಟ್ಟರೆ ಮಂಕು. ಹಾಗೆಂದು ಹಿಲ್‌ನ ಕಣ್ಣೊಂದೇ ವ್ಯತ್ಯಾಸಕ್ಕೆ ಕಾರಣ ಎನ್ನುವುದಾದರೆ ಅವನ ವರ್ಣಚಿತ್ರಗಳನ್ನು ನೋಡಬೇಕು. ಅವು ಸಭ್ಯವಾದ, ಹದವಾದ, ತನ್ನ ಕಾಲದ ಹತ್ತಾರು ಚಿತ್ರಕಾರರು ಬರೆಯಬಹುದಾಗಿದ್ದ ನಿಸರ್ಗದೃಶ್ಯಗಳು. ಆ ಕಣ್ಣಿಗೆ ಅಷ್ಟು ಶಕ್ತಿ ಇದ್ದಿದ್ದರೆ ಇಪ್ಪತ್ತು ವರ್ಷ ಕುಂಚ ಹಿಡಿದಾಗಲೇ ಕಾಣಬೇಕಿತ್ತು.

ಇನ್ನು ಆ್ಯಡಮ್‌ಸನ್‌ನ ಪಾಲಿನದು ಬರೀ ತಂತ್ರ ಎಂಬ ಮಾತು. ಕ್ಯಾಲೊಟೈಪಿನಲ್ಲಿ ಕಾಗದದ ನಾರು ಚಿತ್ರದೊಳಗೆ ಮೂಡುತ್ತದೆ. ಗೆರೆಗಳು ಆ ಕಾಲದ ಇನ್ನೊಂದು ವಿಧಾನವಾದ ಡಾಗೆರೊಟೈಪಿನ ಬೆಳ್ಳಿತಗಡಿನಲ್ಲಿ ಮೂಡುವಷ್ಟು ಚೂಪಾಗಿರುವುದಿಲ್ಲ, ಬೆಳಕು ನೆರಳು ದೊಡ್ಡ ದೊಡ್ಡ ರಾಶಿಗಳಾಗಿ ಬೀಳುತ್ತವೆ. ಈ ಒರಟುತನವೇ ಕ್ಯಾಲೊಟೈಪಿನ ಜೀವ ಎಂದು ಹಿಲ್ ಪತ್ರವೊಂದರಲ್ಲಿ ಒಪ್ಪಿಕೊಂಡಿದ್ದಾನೆ. ಸಮಕಾಲೀನ ಕಲಾವಿದರು ಈ ಚಿತ್ರಗಳನ್ನು ಕಂಡು ರೆಂಬ್ರಾಂಟ್‌ನ ಹೆಸರೆತ್ತಿದ್ದೂ ಇದೇ ಗುಣಕ್ಕಾಗಿ. ಹಾಗಾದರೆ ಯಾವ ಕಾಗದ, ಎಷ್ಟು ಸಾಂದ್ರತೆ, ನೆರಳು ಎಷ್ಟು ಕಪ್ಪಾದಾಗ ಕೈ ತಡೆಯಬೇಕು, ಅಚ್ಚು ಬಿಸಿಲಿನಲ್ಲಿ ಎಷ್ಟು ಹೊತ್ತು ಇರಬೇಕು ಎಂಬ ತೀರ್ಮಾನಗಳು ಕತ್ತಲೆಕೋಣೆಯಲ್ಲಿ ಆದವೆಂಬ ಕಾರಣಕ್ಕೆ ಕಲೆಯಿಂದ ಹೊರಗೆ ಉಳಿಯುತ್ತವೆಯೇ? ಹಿಲ್ ಅಂಗಳದಲ್ಲಿ ಜೋಡಿಸಿದ ನೆರಳಿಗೆ ಗಾತ್ರ ಬಂದದ್ದು ಆ್ಯಡಮ್‌ಸನ್ ಒಳಗೆ ಕೊಟ್ಟ ಹದದಿಂದ. ಯಕ್ಷಗಾನದಲ್ಲಿ ಪದ ಹೇಳುವ ಭಾಗವತರನ್ನು ಹಿನ್ನೆಲೆ, ಕುಣಿಯುವ ವೇಷಧಾರಿಯನ್ನು ಮಾತ್ರ ಕಲಾವಿದ ಎಂದರೆ ಕರಾವಳಿಯಲ್ಲಿ ಯಾರೂ ಒಪ್ಪಲಾರರು. ಲಯ ಇರುವುದು ಯಾರ ಕೈಯಲ್ಲೆಂದು ಪ್ರೇಕ್ಷಕನಿಗೆ ಗೊತ್ತು. ಇತ್ತೀಚಿನ ದಶಕಗಳಲ್ಲಿ ಕೆಲವರು ತಕ್ಕಡಿಯನ್ನು ಇನ್ನೊಂದು ಬದಿಗೆ ಜಗ್ಗಿ, ನಿಜವಾದ ಪ್ರತಿಭೆ ಆ್ಯಡಮ್‌ಸನ್‌ನದೇ ಎನ್ನುವುದೂ ಉಂಟು. ಅದನ್ನೂ ಪುರಾವೆ ತಡೆಯುತ್ತದೆ. ಹಿಲ್ ಸಿಗುವ ಮೊದಲು, 1842ರಲ್ಲಿ, ಅಣ್ಣತಮ್ಮಂದಿರು ಸೇಂಟ್ ಆಂಡ್ರ್ಯೂಸ್‌ನಿಂದ ಟಾಲ್ಬಾಟ್‌ಗೆ ಕಳಿಸಿದ ಪುಟ್ಟ ಆಲ್ಬಂ ಉಳಿದಿದೆ. ಚೊಕ್ಕಟವಾದ ಕೆಲಸ, ಆದರೆ ಅಲ್ಲಿ ಮನುಷ್ಯರು ಕ್ಯಾಮೆರಾದ ಎದುರು ಕೂತಿದ್ದಾರೆ, ಅಷ್ಟೇ. ಒಂದೇ ವರ್ಷದ ನಂತರ ರಾಕ್ ಹೌಸ್‌ನ ಅಂಗಳದಲ್ಲಿ ಹ್ಯೂ ಮಿಲ್ಲರ್ ಎಂಬ ಕಲ್ಲುಕುಟಿಗ, ಭೂವಿಜ್ಞಾನಿ, ಪತ್ರಿಕಾ ಸಂಪಾದಕ ಅಂಗಿಯ ತೋಳು ಮಡಚಿ ಕಲ್ಲಿಗೊರಗಿ ನಿಂತದ್ದನ್ನು ನೋಡಿದರೆ ಇಬ್ಬರು ಸೇರಿದ್ದರಿಂದ ಏನಾಯಿತೆಂದು ತಿಳಿಯುತ್ತದೆ.

ಇದಕ್ಕಿಂತ ಗಟ್ಟಿ ಆಕ್ಷೇಪವೊಂದಿದೆ. ಆ್ಯಡಮ್‌ಸನ್ 1848ರ ಜನವರಿಯಲ್ಲಿ, ಇಪ್ಪತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡ. ಹಿಲ್ ಛಾಯಾಗ್ರಹಣವನ್ನು ಬಹುಮಟ್ಟಿಗೆ ಕೈಬಿಟ್ಟ. 1860ರ ಸುಮಾರಿಗೆ ಅಲೆಕ್ಸಾಂಡರ್ ಮೆಕ್‌ಗ್ಲಾಶನ್ ಎಂಬ ಛಾಯಾಗ್ರಾಹಕನೊಡನೆ ಸೇರಿ ಮತ್ತೆ ಪ್ರಯತ್ನಿಸಿದ. ಚಿತ್ರಗಳು ಪೆಡಸಾದವು, ನಾಟಕೀಯವಾದವು, ಯಾರೂ ಅವನ್ನು ಮೊದಲಿನವುಗಳ ಸಾಲಿಗೆ ಸೇರಿಸುವುದಿಲ್ಲ. ಪಾಲುದಾರ ಹೋದದ್ದೇ ಇದಕ್ಕೆ ಕಾರಣ ಎಂದು ನನ್ನಂಥವರು ಹೇಳುತ್ತಾರೆ. ಆದರೆ ಅಷ್ಟರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ 1851ರಲ್ಲಿ ಪ್ರಕಟಿಸಿದ ಕೊಲೊಡಿಯನ್ ವಿಧಾನ ಬಂದು ಕಾಗದದ ಜಾಗದಲ್ಲಿ ಗಾಜು ಕೂತಿತ್ತು. ಗಾಜು ಕೂದಲೆಳೆಯನ್ನೂ ಬಿಡದೆ ತೋರಿಸುತ್ತದೆ. ಹಿಲ್ ಮೆಚ್ಚಿದ್ದ ನೆರಳಿನ ರಾಶಿ ಅಲ್ಲಿ ಸಿಗುವುದು ಕಷ್ಟ. ಬದಲಾದದ್ದು ಮನುಷ್ಯನಲ್ಲ, ಮಾಧ್ಯಮ ಎಂದು ಆಕ್ಷೇಪಕ ಹೇಳಬಹುದು. ಮಾಧ್ಯಮ ಬದಲಾದದ್ದು ನಿಜವೇ. ಆದರೆ ಮಾಧ್ಯಮದ ಸ್ವಭಾವ ಅರಿತು ಅದಕ್ಕೆ ಒಪ್ಪುವ ಚಿತ್ರ ಯಾವುದೆಂದು ಹಿಲ್‌ಗೆ ತೋರಿಸಬೇಕಾಗಿದ್ದದ್ದು ಜೊತೆಗಾರನೇ ತಾನೆ? ಅದೇ ಕೊಲೊಡಿಯನ್ ಗಾಜಿನ ಮೇಲೆ ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ 1864ರಿಂದ ಮಂಜುಮಂಜಾದ, ಕಪ್ಪು ನೆರಳಿನ ಮುಖಗಳನ್ನು ತೆಗೆದಳು. ಗಾಜಿನಲ್ಲಿ ಅದು ಸಾಧ್ಯವಿತ್ತು; ಹಿಲ್‌ಗೆ ಅದನ್ನು ಸಾಧಿಸಿಕೊಡುವ ಕೈ ಸಿಗಲಿಲ್ಲ. ಅಂದರೆ ಆಕ್ಷೇಪ ನನ್ನ ವಾದವನ್ನು ಮುರಿಯುವುದಿಲ್ಲ, ಒಂದು ತಿದ್ದುಪಡಿ ಕೊಡುತ್ತದೆ: ಕಳೆದುಹೋದದ್ದು ಆ್ಯಡಮ್‌ಸನ್ ಎಂಬ ವ್ಯಕ್ತಿಯಷ್ಟೇ ಅಲ್ಲ, ಒಂದು ವಿಧಾನದ ಸುತ್ತ ಇಬ್ಬರು ಕಟ್ಟಿಕೊಂಡಿದ್ದ ಪರಸ್ಪರ ತಿಳಿವಳಿಕೆ.

ಈ ತಿಳಿವಳಿಕೆ ಎಲ್ಲಕ್ಕಿಂತ ಚೆನ್ನಾಗಿ ಕಾಣುವುದು ನ್ಯೂಹೇವನ್ ಚಿತ್ರಗಳಲ್ಲಿ. ಕಾಲ್ಟನ್ ಗುಡ್ಡದಿಂದ ಒಂದೆರಡು ಮೈಲಿ ದೂರದ ಕಡಲಹಳ್ಳಿ ಅದು. ಗಂಡಸರು ದೋಣಿಯಲ್ಲಿ ಹೋಗಿ ಮೀನು ಹಿಡಿದರೆ, ಪಟ್ಟೆಪಟ್ಟೆ ಲಂಗ ತೊಟ್ಟ ಹೆಂಗಸರು ಬೆನ್ನ ಮೇಲೆ ಬುಟ್ಟಿ ಹೊತ್ತು ಪಟ್ಟಣಕ್ಕೆ ಬಂದು ಮಾರುತ್ತಿದ್ದರು. ಪಾದ್ರಿಗಳ ಚಿತ್ರಕ್ಕೂ ಇದಕ್ಕೂ ಸಂಬಂಧವಿಲ್ಲ. ಇಲ್ಲಿ ಛಾಯಾಚಿತ್ರ ವರ್ಣಚಿತ್ರದ ಊಳಿಗ ಬಿಟ್ಟು ತಾನೇ ಗುರಿಯಾಗಿದೆ. ದುಡಿಯುವ ಜನರ ಒಂದು ಊರನ್ನೇ ವಸ್ತುವಾಗಿ ಹಿಡಿದ ಛಾಯಾಚಿತ್ರ ಸರಣಿ ಇದಕ್ಕಿಂತ ಹಿಂದೆ ಬಹುಶಃ ಇರಲಿಲ್ಲ. ಈ ಮೀನುಗಾರರನ್ನು ಕುರಿತ ಸಂಪುಟವೊಂದನ್ನು ತರುತ್ತೇವೆಂದು 1844ರಲ್ಲಿ ಜಾಹೀರಾತನ್ನೂ ಕೊಟ್ಟಿದ್ದರು, ಅದು ಹೊರಬರಲಿಲ್ಲ. ಬೆಂಜಮಿನ್ ಬರೆದ ಆ ಹೆಂಗಸು, ಎಲಿಜಬೆತ್ ಜಾನ್‌ಸ್ಟನ್ ಹಾಲ್, ಕಣ್ಣನ್ನು ಕೆಳಗಿಳಿಸಿ ನಿಂತಿದ್ದಾಳೆ. ಕಣ್ಣು ಮೇಲೆತ್ತಿದ್ದರೆ ಒಂದು ನಿಮಿಷದಲ್ಲಿ ರೆಪ್ಪೆ ಬಡಿದು ನೋಟ ಮಸಕಾಗುತ್ತಿತ್ತು. ಬಿಸಿಲಿಗೆ ಕಣ್ಣು ಕಿರಿದಾಗುತ್ತಿತ್ತು. ಕ್ಯಾಲೊಟೈಪ್ ಕೇಳಿದ ಸೌಕರ್ಯ ಅದು, ಅದನ್ನೇ ಹಿಲ್ ಭಂಗಿಯಾಗಿಸಿದ. ಗುಂಪನ್ನು ಸಾಲಾಗಿ ನಿಲ್ಲಿಸಿದರೆ ಒಬ್ಬರಾದರೂ ಅಲುಗುತ್ತಾರೆ, ಒಬ್ಬರ ಹೆಗಲಿಗೆ ಒಬ್ಬರು ಒರಗಿದರೆ ಎಲ್ಲರೂ ಸ್ಥಿರವಾಗುತ್ತಾರೆ. ಆ ಒರಗುವಿಕೆಯಿಂದಲೇ ಗುಂಪಿನ ಚಿತ್ರಗಳಿಗೆ ಇವತ್ತಿಗೂ ಆರದ ಆಪ್ತತೆ ಬಂದಿದೆ. ಚಿತ್ರಕಾರನ ಕಲ್ಪನೆಯನ್ನು ರಸಾಯನ ತಿದ್ದಿದೆ, ರಸಾಯನದ ಕೊರತೆಯನ್ನು ಚಿತ್ರಕಾರ ತಿರುಗಿಸಿಕೊಂಡಿದ್ದಾನೆ. ಇದರಲ್ಲಿ ಯಾವುದು ಯಾರದ್ದು ಎಂದು ಬಿಡಿಸುವುದು ಸಾಧ್ಯವಿಲ್ಲ. ಚಿತ್ರಕ್ಕೆ ನಿಂತವರನ್ನೂ ಕಲಾವಿದರೆಂದೇ ಕರೆಯಬೇಕೆಂಬ ಉತ್ಸಾಹ ಈಗ ಕೆಲವರಲ್ಲಿದೆ. ನಾನು ಅಷ್ಟು ದೂರ ಹೋಗಲಾರೆ. ನಿಲ್ಲುವುದು ಸಹಕಾರ, ಆದರೆ ಏನು ಉಳಿಯಬೇಕು ಏನು ಬಿಡಬೇಕು ಎಂಬ ಆಯ್ಕೆ ಅವರ ಕೈಯಲ್ಲಿರಲಿಲ್ಲ. ಸ್ಟುಡಿಯೊದಲ್ಲಿ ದುಡಿದ ಮಿಸ್ ಮ್ಯಾನ್ ಎಂಬ ಸಹಾಯಕಿಯ ವಿಷಯ ಬೇರೆ. ಎಂಜಿನಿಯರ್ ಜೇಮ್ಸ್ ನ್ಯಾಸ್ಮಿತ್ ಹಿಲ್‌ಗೆ ಬರೆಯುವಾಗ ಅವಳ ಕೌಶಲವನ್ನು ಬಾಯ್ತುಂಬ ಹೊಗಳಿದ್ದಾನೆ. ಸುಮಾರು ಮೂರು ಸಾವಿರ ಚಿತ್ರಗಳಲ್ಲಿ ಅವಳ ಕೈಯಿಂದ ಹಾದುಹೋದವು ಕಡಿಮೆ ಇರಲಾರವು.

ಇಬ್ಬರಿಗೂ ಸಲ್ಲಬೇಕಾದ ಹೆಸರು ಒಬ್ಬನ ಪಾಲಾದದ್ದಕ್ಕೆ ಮೊದಲ ಕಾರಣ ಆಯುಸ್ಸು. ಆ್ಯಡಮ್‌ಸನ್ ಸತ್ತ ಮೇಲೆ ಹಿಲ್ 1870ರವರೆಗೆ ಬದುಕಿದ್ದ. ಪಾದ್ರಿಗಳ ಆ ವರ್ಣಚಿತ್ರ ಮುಗಿದದ್ದು 1866ರಲ್ಲಿ, ಸಂಕಲ್ಪ ಮಾಡಿ ಇಪ್ಪತ್ಮೂರು ವರ್ಷಗಳ ಮೇಲೆ. ಅವನ ಎರಡನೆಯ ಹೆಂಡತಿ, ಶಿಲ್ಪಿ ಅಮೇಲಿಯಾ ಪ್ಯಾಟನ್ ನೆರವಾಗಿದ್ದಳು. ಹನ್ನೊಂದು ಅಡಿಗೂ ಮಿಕ್ಕ ಆ ಚಿತ್ರದಲ್ಲಿ ನಾನೂರೈವತ್ತಕ್ಕೂ ಹೆಚ್ಚು ಮುಖಗಳು ಒಂದರ ಪಕ್ಕ ಒಂದು ಅಂಟಿಸಿದಂತೆ ಕಾಣುತ್ತವೆ. ಚಿತ್ರವಾಗಿ ಅದು ಸೋತಿದೆ ಎಂದು ನೇರವಾಗಿ ಹೇಳಿಬಿಡಬಹುದು. ಆದರೂ ಅದರಲ್ಲಿ ಒಂದು ನ್ಯಾಯವಿದೆ: ಹಿಲ್ ತನ್ನನ್ನು ಚಿತ್ರಪುಸ್ತಕದೊಡನೆ ಬರೆದುಕೊಂಡು, ಆ್ಯಡಮ್‌ಸನ್‌ನನ್ನು ಕ್ಯಾಮೆರಾದೊಡನೆ ಸೇರಿಸಿದ್ದಾನೆ. ಆ ಪ್ರಾಮಾಣಿಕತೆಯನ್ನು ಮುಂದಿನವರು ಉಳಿಸಿಕೊಳ್ಳಲಿಲ್ಲ. ಗ್ಲಾಸ್ಗೋದ ಜೇಮ್ಸ್ ಕ್ರೇಗ್ ಆ್ಯನನ್ 1890ರ ದಶಕದಲ್ಲಿ ಈ ಚಿತ್ರಗಳನ್ನು ಫೋಟೊಗ್ರಾವ್ಯೂರ್ ಎಂಬ ಮುದ್ರಣ ವಿಧಾನದಲ್ಲಿ ಹೊಸದಾಗಿ ಅಚ್ಚಿಸಿದ. ನ್ಯೂಯಾರ್ಕಿನಲ್ಲಿ ಆಲ್ಫ್ರೆಡ್ ಸ್ಟೀಗ್ಲಿಟ್ಸ್ ಅವನ್ನು 1905ರಿಂದ ತನ್ನ ‘ಕ್ಯಾಮೆರಾ ವರ್ಕ್’ ಪತ್ರಿಕೆಯಲ್ಲಿ ಹಿಲ್‌ನ ಹೆಸರಿನಲ್ಲಿ ಪ್ರಕಟಿಸಿದ. ಛಾಯಾಚಿತ್ರವೂ ಕಲೆಯೇ ಎಂದು ಆಗ ಸಾಧಿಸಬೇಕಾಗಿತ್ತು. ಕಲೆ ಎಂದರೆ ಒಬ್ಬನ ಆತ್ಮದ ಅಭಿವ್ಯಕ್ತಿ ಎಂದು ನಂಬಿದ್ದ ಆ ಕಾಲಕ್ಕೆ, ಅಕಾಡೆಮಿಯ ಚಿತ್ರಕಾರನೊಬ್ಬ ಪೂರ್ವಜನಾಗಿ ಸಿಕ್ಕಿದ್ದು ದೊಡ್ಡ ಅನುಕೂಲ. ಕತ್ತಲೆಕೋಣೆಯ ಪಾಲುದಾರ ಆ ವಾದಕ್ಕೆ ತೊಡಕಾಗುತ್ತಿದ್ದ, ಅದಕ್ಕೇ ಬಿಟ್ಟುಹೋದ. ಈಗ ವಸ್ತುಸಂಗ್ರಹಾಲಯಗಳು ಇಬ್ಬರ ಹೆಸರನ್ನೂ ಜೋಡಿಯಾಗಿ ಹಾಕುತ್ತವೆ.

ಹೀಗೆ ಒಂದೇ ಹೆಸರು ಹಿಡಿಯುವ ಚಾಳಿ ಹಿಲ್‌ನೊಂದಿಗೇ ಮುಗಿಯಲಿಲ್ಲ. ಅದೇ 1843ರಲ್ಲಿ ಇಂಗ್ಲೆಂಡಿನ ಆ್ಯನಾ ಆಟ್ಕಿನ್ಸ್ ಪಾಚಿಗಳನ್ನು ಸಯನೊಟೈಪ್ ವಿಧಾನದಲ್ಲಿ ನೀಲಿಯಾಗಿ ಅಚ್ಚಿಸಿ ಪುಸ್ತಕ ತರಲು ತೊಡಗಿದಳು. ಮುಂದೆ ಜರೀಗಿಡಗಳ ಆಲ್ಬಂ ಮಾಡುವಾಗ ಬಾಲ್ಯದ ಒಡನಾಡಿ ಆ್ಯನ್ ಡಿಕ್ಸನ್ ಜೊತೆಗಿದ್ದಳು. ಡಿಕ್ಸನ್‌ನ ಹೆಸರು ಬೆಳಕಿಗೆ ಬಂದದ್ದು ಬಹಳ ತಡವಾಗಿ. ಆಟ್ಕಿನ್ಸ್‌ಳ ಗತಿಯೂ ಏನು ಮಹಾ ಮೇಲಾಗಿರಲಿಲ್ಲ ಎನ್ನಿ: ಅವಳು ಹಾಕಿದ್ದ ಎರಡು ಇಂಗ್ಲಿಷ್ ಅಕ್ಷರಗಳ ಸಹಿಯನ್ನು ಅನಾಮಧೇಯ ಹವ್ಯಾಸಿ ಎಂದು ಬಿಡಿಸಿಕೊಂಡವರೂ ಇದ್ದರು. ನಮ್ಮ ಕಾಲದಲ್ಲಿ ಅಮೆರಿಕದ ಚಿತ್ರಕಾರ ಚಕ್ ಕ್ಲೋಸ್ 1990ರ ದಶಕದ ಕೊನೆಯಿಂದ ಡಾಗೆರೊಟೈಪ್ ಮುಖಚಿತ್ರಗಳನ್ನು ಮಾಡಿದ. ಅವನಿಗೆ ಆ ವಿಧಾನ ಕೈಗೂಡಿಸಿದವನು ಜೆರಿ ಸ್ಪಾಗ್ನೋಲಿ, ಡಾಗೆರೊಟೈಪನ್ನು ಮತ್ತೆ ಬಳಕೆಗೆ ತಂದವರಲ್ಲೊಬ್ಬ. ಪ್ರದರ್ಶನಗಳ ಗೋಡೆಯ ಮೇಲೆ ದೊಡ್ಡದಾಗಿ ಕಂಡದ್ದು ಯಾರ ಹೆಸರೆಂದು ಹೇಳಬೇಕಾಗಿಲ್ಲ.

ಹೆಸರಿನಿಂದ ಏನಾಗಬೇಕು, ಚಿತ್ರ ಉಳಿದರೆ ಸಾಲದೇ ಎಂಬ ಪ್ರಶ್ನೆ ಕೊನೆಗೆ ಉಳಿಯುತ್ತದೆ. ಕನ್ನಡನಾಡನ್ನು ಕುರಿತ ಒಂದು ಪುಸ್ತಕ ಇದಕ್ಕೆ ಉತ್ತರ ಕೊಡಬಲ್ಲದು. ಎಡಿನ್‌ಬರೋದಲ್ಲಿ ಕಾಗದದ ನೆಗೆಟಿವ್ ಹಳತಾಗುತ್ತಿದ್ದ ಹೊತ್ತಿಗೆ ಅದು ಇಲ್ಲಿ ಹೊಸ ಬದುಕು ಕಂಡಿತ್ತು. ಒದ್ದೆ ಗಾಜಿನ ತಗಡುಗಳನ್ನು ಬಿಸಿಲುನಾಡಿನಲ್ಲಿ ಎತ್ತಿನಗಾಡಿಯ ಮೇಲೆ ಸಾಗಿಸುವುದಕ್ಕಿಂತ, ಮುಂಚೆಯೇ ತಯಾರಿಸಿಟ್ಟುಕೊಳ್ಳಬಹುದಾದ ಮೇಣದ ಕಾಗದ ಹೆಚ್ಚು ಅನುಕೂಲವಾಗಿತ್ತು. 1854ರ ಡಿಸೆಂಬರ್‌ನಲ್ಲಿ ಛಾಯಾಗ್ರಾಹಕ ಲಿನಿಯಸ್ ಟ್ರೈಪ್ ಮತ್ತು ಮದ್ರಾಸ್ ವೈದ್ಯಸೇವೆಯ ಆಂಡ್ರ್ಯೂ ನೀಲ್ ಜೊತೆಯಾಗಿ ಮೈಸೂರು ಸೀಮೆಯ ಗುಡಿಗಳನ್ನು ಚಿತ್ರಿಸಲು ಹೊರಟರು. 1855ರಲ್ಲಿ ಮುಂಬೈ ಸರ್ಕಾರ ನೇಮಿಸಿದ ತೋಪುಪಡೆಯ ಥಾಮಸ್ ಬಿಗ್ಸ್ ಬಿಜಾಪುರ, ಬಾದಾಮಿ, ಐಹೊಳೆಗಳಲ್ಲಿ ಕೆಲಸ ಮಾಡಿ ಅದೇ ವರ್ಷ ಸೈನ್ಯಕ್ಕೆ ಮರಳಬೇಕಾಯಿತು. ಅವನ ಜಾಗಕ್ಕೆ ಬಂದ ವೈದ್ಯ ವಿಲಿಯಂ ಪಿಗೌ 1858ರಲ್ಲಿ ಸತ್ತ. ಈ ಮೂವರ, ಬಿಗ್ಸ್, ಪಿಗೌ, ನೀಲ್‌ರ ಚಿತ್ರಗಳನ್ನು ಒಂದುಗೂಡಿಸಿ 1866ರಲ್ಲಿ ಲಂಡನ್ನಿನಲ್ಲಿ ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪದ ಸಂಪುಟ ಬಂತು. ಅದಕ್ಕೆ ಚರಿತ್ರೆ ಬರೆದವನು ಸುರಪುರದ ಆಡಳಿತದಿಂದ ನಮಗೆ ಪರಿಚಿತನಾದ ಮೆಡೋಸ್ ಟೇಲರ್, ವಾಸ್ತು ಟಿಪ್ಪಣಿ ಬರೆದವನು ಜೇಮ್ಸ್ ಫರ್ಗುಸನ್. ಹಿಲ್ ಮತ್ತು ಆ್ಯಡಮ್‌ಸನ್ ಅಂಗಳದಲ್ಲಿ ಅಕ್ಕಪಕ್ಕ ನಿಂತವರು, ಇವರು ಹಾಗಲ್ಲ. ಒಬ್ಬ ಬಿಟ್ಟ ಕೆಲಸವನ್ನು ಇನ್ನೊಬ್ಬ ಎತ್ತಿಕೊಂಡದ್ದು ಇಲ್ಲಿಯ ಜೊತೆಗಾರಿಕೆ. ಸಾಮಾನು ಹೊತ್ತವರು, ನೀರು ತಂದವರು, ಗಿಡಗಂಟಿ ಕಡಿದು ಗೋಡೆಗೆ ಬೆಳಕು ಬೀಳಿಸಿದವರು ಪುಟಗಳಲ್ಲಿಲ್ಲ. ಫರ್ಗುಸನ್ ಹಳೇಬೀಡನ್ನು ಜಗತ್ತಿನ ವಾಸ್ತುಚರಿತ್ರೆಯಲ್ಲಿ ಎತ್ತರದ ಜಾಗದಲ್ಲಿಟ್ಟದ್ದನ್ನು ನಾವು ಹೆಮ್ಮೆಯಿಂದ ಉದ್ಧರಿಸುತ್ತೇವೆ. ಲಂಡನ್ನಿನಲ್ಲಿ ಕೂತಿದ್ದ ಅವನ ಮೇಜಿನ ಮೇಲೆ ಹೊಯ್ಸಳೇಶ್ವರನ ಗೋಡೆಗಳನ್ನು ತಂದಿಟ್ಟ ಕಾಗದದ ನೆಗೆಟಿವ್‌ಗಳನ್ನು ನೆನೆಯುವುದಿಲ್ಲ. ಆ ಚಿತ್ರಗಳನ್ನು ಯಾರು, ಯಾವ ವಿಧಾನದಲ್ಲಿ ತೆಗೆದರೆಂದು ಗೊತ್ತಿದ್ದರೆ ಮಾತ್ರ ಅವುಗಳಲ್ಲಿ ಕಾಣುವ ಕಪ್ಪು ಮಚ್ಚೆ ಕಲ್ಲಿನದೋ ಕಾಗದದ್ದೋ ಎಂದು ತೀರ್ಮಾನಿಸಲು ಸಾಧ್ಯ. ಜೀರ್ಣೋದ್ಧಾರ ಮಾಡುವವರಿಗೆ ಇದು ಸಣ್ಣ ವಿಷಯವಲ್ಲ. ಈಗ ಅವು ಕ್ಯಾಲೆಂಡರುಗಳಲ್ಲಿ, ಸ್ಮರಣಸಂಚಿಕೆಗಳಲ್ಲಿ, ಜಿಲ್ಲಾ ಚರಿತ್ರೆಗಳಲ್ಲಿ ಹಳೆಯ ಚಿತ್ರ ಎಂಬ ಒಂದೇ ಅಡಿಬರಹದೊಡನೆ ಅಚ್ಚಾಗುತ್ತಿವೆ. ಬೇಲೂರು, ಹಳೇಬೀಡು, ಐಹೊಳೆಗಳ ಆ ಚಿತ್ರಗಳನ್ನು ಮತ್ತೆ ಅಚ್ಚಿಸುವ ನಮ್ಮ ಸಂಪಾದಕರೂ ಪ್ರಕಾಶಕರೂ ಇನ್ನು ಮೇಲೆ ಅವುಗಳ ಕೆಳಗೆ ತೆಗೆದವರ ಹೆಸರು, ವರ್ಷ, ಕಾಗದದ ನೆಗೆಟಿವ್ ಎಂಬ ಮಾತು ಇಷ್ಟನ್ನಾದರೂ ಹಾಕಲಿ.